ಗುಂಡ್ಲುಪೇಟೆಯಿಂದ ದೆಹಲಿಗೆ: ನ್ಯಾಯಾಧೀಶನ ದಾರಿ



ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ರಸ್ತೆಯು ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯನ್ನು ಮುಟ್ಟಿದ ಮೇಲೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡನ್ನು ಹಾದು ಉದಕಮಂಡಲದ ಬೆಟ್ಟಗಳನ್ನೇರುತ್ತದೆ. ಮತ್ತೊಂದು ವೈನಾಡಿನ ಕಡೆಗೆ ತಿರುಗಿ ಕಲ್ಲಿಕೋಟೆಯ ಸಮುದ್ರತೀರಕ್ಕಿಳಿಯುತ್ತದೆ. ಮೂರು ರಾಜ್ಯಗಳ ಜನ ಹಾದುಹೋಗುವ ಈ ಊರಿನಲ್ಲಿ ತಾಲ್ಲೂಕಿನ ನ್ಯಾಯಾಲಯವೊಂದುಂಟು. ಹಿಂದೆ ಅಂಥ ಸ್ಥಾನದಲ್ಲಿ ಕುಳಿತವರನ್ನು ಮುನ್ಸೀಫರೆಂದು ಕರೆಯುತ್ತಿದ್ದರು. ಈಗ ಸಿವಿಲ್ ನ್ಯಾಯಾಧೀಶರೆನ್ನುತ್ತಾರೆ. ಹೆಸರು ಬದಲಾದರೂ ಬಾಗಿಲಲ್ಲಿ ಕಾದು ನಿಲ್ಲುವವರು ಬದಲಾಗಿಲ್ಲ. ಅಣ್ಣತಮ್ಮಂದಿರ ಪಾಲು, ಬದುವಿನ ತಕರಾರು, ತೀರದ ಸಾಲ, ಹೊಡೆದಾಟ, ಜೀವನಾಂಶ, ಇವೇ ಅಲ್ಲಿಯ ನಿತ್ಯದ ಕೆಲಸ.

ಈ ಕಡೆಯ ತರುಣ ವಕೀಲರೊಬ್ಬರು ಕೆಲವು ಕಾಲದ ಹಿಂದೆ ನನ್ನನ್ನು ಕಂಡು ಒಂದು ಪ್ರಶ್ನೆಯನ್ನು ಕೇಳಿದರು. "ಸ್ವಾಮಿ, ನಾನು ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂಡಬೇಕೆಂದಿದ್ದೇನೆ. ನಮ್ಮ ಹಿರಿಯ ವಕೀಲರು ಬೇಡವೆನ್ನುತ್ತಾರೆ. ನಿನ್ನಲ್ಲಿ ನಿಜವಾಗಿ ಶಕ್ತಿಯಿದ್ದರೆ ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ವಕೀಲಿ ಮಾಡು. ದೆಹಲಿಯ ಪೀಠಕ್ಕೆ ದಾರಿಯಿರುವುದು ಅಲ್ಲಿಂದ, ಇಲ್ಲಿಂದಲ್ಲ, ಎನ್ನುತ್ತಾರೆ. ಇದು ನಿಜವೆ?" ಎಂದರು. ಆ ಹೊತ್ತು ನಾನು ಕೊಟ್ಟ ಉತ್ತರವು ನನಗೇ ತೃಪ್ತಿಯನ್ನು ತರಲಿಲ್ಲ. ಆದುದರಿಂದ ಆ ಪ್ರಶ್ನೆಯನ್ನೇ ಈ ದಿನ ನಿಮ್ಮ ಮುಂದಿಟ್ಟು ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಸ್ವಲ್ಪ ಹಿಂದಿನ ಮಾತು. ಇಡೀ ದೇಶಕ್ಕೆ ಮೇಲಾದ ನ್ಯಾಯಸ್ಥಾನವೊಂದು ದೆಹಲಿಯಲ್ಲಿರಬೇಕೆಂಬ ಏರ್ಪಾಟು ಮೊದಲು ರೂಪುಗೊಂಡುದು 1935ನೆಯ ಇಸವಿಯ ಇಂಡಿಯಾ ಸರ್ಕಾರದ ಕಾಯಿದೆಯಲ್ಲಿ. ಅದರಂತೆ ಫೆಡರಲ್ ಕೋರ್ಟು 1937ರ ಅಕ್ಟೋಬರ್ 1ರಂದು ಕಾರ್ಯಾರಂಭ ಮಾಡಿತು. ಸರ್ ಮಾರಿಸ್ ಗ್ವಯರ್ ಅವರು ಮುಖ್ಯ ನ್ಯಾಯಾಧೀಶರು. ಷಾ ಮಹಮದ್ ಸುಲೈಮಾನ್ ಮತ್ತು ಎಂ. ಆರ್. ಜಯಕರ್ ಅವರು ಇನ್ನಿಬ್ಬರು. ಆ ನ್ಯಾಯಾಲಯವು ಕಲಾಪ ನಡೆಸುತ್ತಿದ್ದುದು ಪಾರ್ಲಿಮೆಂಟ್ ಭವನದಲ್ಲಿ, ದೇಶೀಯ ರಾಜರ ಮಂಡಲಿಗೆಂದು ಕಟ್ಟಿದ ಸಭಾಂಗಣದಲ್ಲಿ. ಇದರಲ್ಲಿ ಒಂದು ವಿಚಿತ್ರವುಂಟು. ಆ ರಾಜರುಗಳ ಸಂಸ್ಥಾನಗಳು ಕಾಯಿದೆಯಲ್ಲಿ ಹೇಳಿದ್ದ ಸಂಯುಕ್ತ ವ್ಯವಸ್ಥೆಗೆ ಸೇರಲೇ ಇಲ್ಲ. ಕಾಯಿದೆಯ ಆ ಭಾಗವು ಕಾಗದದ ಮೇಲೆಯೇ ಉಳಿಯಿತು. ಸಭಾಂಗಣ ರಾಜರದು, ನ್ಯಾಯಾಲಯ ಮಾತ್ರ ಬ್ರಿಟಿಷ್ ಇಂಡಿಯಾದ್ದು ಎಂಬಂತಾಯಿತು.

ಇದರ ಪರಿಣಾಮವು ನಮ್ಮ ಚಾಮರಾಜನಗರದ ಸೀಮೆಯಲ್ಲಿ ಹೇಗಿತ್ತೆಂಬುದನ್ನು ನೋಡಿ. ಅರಿಕುಠಾರವೆಂದಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. ಈ ಊರೂ ಗುಂಡ್ಲುಪೇಟೆಯೂ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಇಲ್ಲಿಯ ವ್ಯಾಜ್ಯಗಳು ಅಪೀಲಿನ ಮೇಲೆ ಬೆಂಗಳೂರಿಗೆ ಹೋಗುತ್ತಿದ್ದವು. ಅಲ್ಲಿ 1884ರಲ್ಲಿ ಸ್ಥಾಪಿತವಾದ ಚೀಫ್ ಕೋರ್ಟಿಗೆ 1930ರಲ್ಲಿ ಹೈಕೋರ್ಟೆಂಬ ಹೆಸರು ಬಂದಿತು. ಇತ್ತ ನೆರೆಯ ಕೊಳ್ಳೇಗಾಲವಾದರೋ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಯ ವ್ಯಾಜ್ಯವು ಮದರಾಸಿನ ಹೈಕೋರ್ಟಿಗೂ, ಹಣಬಲವಿದ್ದರೆ ಸಮುದ್ರವನ್ನು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲಿಗೂ ಹೋಗಬಹುದಾಗಿತ್ತು. ಒಂದೇ ಭಾಷೆಯನ್ನಾಡುವ, ಹೆಣ್ಣು ಕೊಟ್ಟು ತರುವ ಎರಡು ಊರುಗಳ ನಡುವೆ ನ್ಯಾಯದ ದಾರಿಯು ಇಷ್ಟು ಬೇರೆಯಾಗಿತ್ತು. ಪ್ರಿವಿ ಕೌನ್ಸಿಲಿನ ಅಧಿಕಾರವು 1949ರಲ್ಲಿ ಕೊನೆಗೊಂಡಿತು. 1950ರ ಜನವರಿಯಲ್ಲಿ ಫೆಡರಲ್ ಕೋರ್ಟಿನ ಸ್ಥಾನಕ್ಕೆ ಸರ್ವೋಚ್ಚ ನ್ಯಾಯಾಲಯವು ಬಂದಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರನ್ನು ಸೇರಿತು. 1997ರಲ್ಲಿ ಚಾಮರಾಜನಗರವೇ ಜಿಲ್ಲೆಯಾಯಿತು. ಹೀಗೆ ಈ ಸೀಮೆಯ ಎಲ್ಲ ಕಕ್ಷಿಗಾರರ ದಾರಿಯೂ ಒಂದಾಯಿತು: ತಾಲ್ಲೂಕು, ಜಿಲ್ಲೆ, ಬೆಂಗಳೂರು, ದೆಹಲಿ.

ವ್ಯಾಜ್ಯಕ್ಕೆ ದಾರಿಯು ನೇರವಾಯಿತು. ಬಂಡೀಪುರದ ರಸ್ತೆಯಲ್ಲಿ ರಾತ್ರಿಯ ವಾಹನ ಸಂಚಾರವನ್ನು ನಿಲ್ಲಿಸಬೇಕೆಂದು ಚಾಮರಾಜನಗರದ ಜಿಲ್ಲಾಡಳಿತವು 2009ರಲ್ಲಿ ಹೊರಡಿಸಿದ ಆಜ್ಞೆಯ ಸಂಗತಿಯು ನಿಮಗೆ ಗೊತ್ತೇ ಇದೆ. ಕಾಡುಮೃಗಗಳ ಜೀವವೊಂದು ಕಡೆ, ವೈನಾಡಿನ ಜನರ ಸಂಚಾರ ಸೌಕರ್ಯವೊಂದು ಕಡೆ. ಅದು ಹೈಕೋರ್ಟಿನಲ್ಲಿ ವಿಚಾರಣೆಯಾಗಿ 2010ರಲ್ಲಿ ನಿಷೇಧವು ಸ್ಥಿರವಾದ ಮೇಲೆ ದೆಹಲಿಯವರೆಗೂ ಹೋಯಿತು. ಗುಂಡ್ಲುಪೇಟೆಯ ರಸ್ತೆಯ ಪ್ರಶ್ನೆಯೇ ದೆಹಲಿಗೆ ಹೋಗಬಲ್ಲುದಾದರೆ, ಗುಂಡ್ಲುಪೇಟೆಯ ಪೀಠದಲ್ಲಿ ಕುಳಿತ ನ್ಯಾಯಾಧೀಶನು ಹೋಗಬಲ್ಲನೆ? ನಮ್ಮ ತರುಣರ ಪ್ರಶ್ನೆ ಇದು.

ರಾಜ್ಯಾಂಗವು ಇದಕ್ಕೆ ಬಾಗಿಲನ್ನು ಮುಚ್ಚಿಲ್ಲ. ಹತ್ತು ವರ್ಷ ನ್ಯಾಯಾಂಗದ ಹುದ್ದೆಯಲ್ಲಿದ್ದವರು, ಇಲ್ಲವೆ ಹತ್ತು ವರ್ಷ ಹೈಕೋರ್ಟಿನ ವಕೀಲರಾಗಿದ್ದವರು ಹೈಕೋರ್ಟಿನ ನ್ಯಾಯಮೂರ್ತಿಗಳಾಗಲು ಅರ್ಹರು. ಐದು ವರ್ಷ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು, ಇಲ್ಲವೆ ಹತ್ತು ವರ್ಷ ಹೈಕೋರ್ಟಿನ ವಕೀಲರಾಗಿದ್ದವರು, ಇಲ್ಲವೆ ರಾಷ್ಟ್ರಪತಿಗಳ ಅಭಿಪ್ರಾಯದಲ್ಲಿ ಹೆಸರಾಂತ ನ್ಯಾಯಶಾಸ್ತ್ರಜ್ಞರಾದವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಹರು. ನಿಯಮದಲ್ಲಿ ಎರಡು ದಾರಿಗಳು ಸಮನಾಗಿಯೇ ಕಾಣುತ್ತವೆ: ಒಂದು ವಕೀಲಿಯ ದಾರಿ, ಇನ್ನೊಂದು ಸೇವೆಯ ದಾರಿ. ಆದರೆ ದಾರಿಯುಂಟೆಂಬುದು ಬೇರೆ, ಅದರಲ್ಲಿ ನಡೆದವರು ಎಷ್ಟು ಮಂದಿ ಎಂಬುದು ಬೇರೆ.

ಕನ್ನಡ ನಾಡಿನ ಅನುಭವವನ್ನೇ ತೆಗೆದುಕೊಳ್ಳೋಣ. ಕರ್ನಾಟಕದ ಹೈಕೋರ್ಟಿನಿಂದ ಹೋಗಿ ಭಾರತದ ಮುಖ್ಯ ನ್ಯಾಯಾಧೀಶರಾದವರಲ್ಲಿ ಮಂಡ್ಯದ ಸೀಮೆಯ ಇ. ಎಸ್. ವೆಂಕಟರಾಮಯ್ಯನವರು 1989ರಲ್ಲಿ ಆರು ತಿಂಗಳು ಆ ಸ್ಥಾನದಲ್ಲಿದ್ದರು, ಎಂ. ಎನ್. ವೆಂಕಟಾಚಲಯ್ಯನವರು 1993ರಿಂದ 1994ರವರೆಗೆ; ಎಸ್. ರಾಜೇಂದ್ರಬಾಬು ಅವರು 2004ರಲ್ಲಿ ಒಂದು ತಿಂಗಳು. ಚಿಕ್ಕಮಗಳೂರು ಜಿಲ್ಲೆಯ ಎಚ್. ಎಲ್. ದತ್ತು ಅವರು 2014ರಿಂದ 2015ರವರೆಗೆ. ಈ ನಾಲ್ವರೂ ವಕೀಲಿಯ ದಾರಿಯಿಂದಲೇ ಬಂದವರು. ಕಾರ್ಕಳದ ಕಡೆಯ ಕೆ. ಎಸ್. ಹೆಗ್ಡೆಯವರೂ ಸರ್ಕಾರಿ ವಕೀಲರಾಗಿ, ರಾಜ್ಯಸಭೆಯ ಸದಸ್ಯರಾಗಿ, 1957ರಲ್ಲಿ ಮೈಸೂರು ಹೈಕೋರ್ಟಿಗೂ 1967ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೂ ಹೋದವರು. 1973ರಲ್ಲಿ ತಮಗಿಂತ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ ಅವರು ರಾಜೀನಾಮೆಯನ್ನಿತ್ತು ಹೊರಬಂದ ಧೈರ್ಯವನ್ನು ನಾಡು ಮರೆತಿಲ್ಲ.

ಇನ್ನು ಸೇವೆಯ ದಾರಿ. ಬಳ್ಳಾರಿಯ ಮಂಜುಳಾ ಚೆಲ್ಲೂರು ಅವರು 1977ರಲ್ಲಿ ವಕೀಲರಾಗಿ, 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ, 2000ದಲ್ಲಿ ಕರ್ನಾಟಕದ ಹೈಕೋರ್ಟಿಗೆ ಬಂದರು. ಮುಂದೆ ಕೇರಳ, ಕಲ್ಕತ್ತ, ಬೊಂಬಾಯಿ ಈ ಮೂರು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿ 2017ರಲ್ಲಿ ನಿವೃತ್ತರಾದರು. ಸರ್ವೋಚ್ಚ ನ್ಯಾಯಾಲಯದ ಪೀಠವನ್ನು ಅವರು ಏರಲಿಲ್ಲ. ಮೂರು ಹೈಕೋರ್ಟುಗಳ ಮುಂದಾಳುತನವನ್ನು ಹೊತ್ತವರಿಗೂ ಆ ದಾರಿಯು ಬೊಂಬಾಯಿಯಲ್ಲಿ ನಿಂತಿತು.

ಹಾಗಾದರೆ ದೇಶದಲ್ಲಿ ಯಾರೂ ಆ ದಾರಿಯಲ್ಲಿ ದೆಹಲಿಯನ್ನು ಮುಟ್ಟಿಲ್ಲವೆ? ಮುಟ್ಟಿದ್ದಾರೆ, ನಮ್ಮ ನೆರೆಯವರೇ ಮುಟ್ಟಿದ್ದಾರೆ. ಕೇರಳದ ಎಂ. ಫಾತಿಮಾ ಬೀವಿಯವರು 1958ರಲ್ಲಿ ಮುನ್ಸೀಫರಾದರು. ಅಲ್ಲಿಂದ ಒಂದೊಂದೇ ಮೆಟ್ಟಿಲನ್ನೇರಿ 1974ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ, 1983ರಲ್ಲಿ, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, ಹೈಕೋರ್ಟಿಗೆ ಬಂದರು. 1989ರ ಏಪ್ರಿಲಿನಲ್ಲಿ ಅರವತ್ತೆರಡು ತುಂಬಿ ನಿವೃತ್ತರಾಗಿ ಮನೆಗೆ ಹೋದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರನ್ನು ಮತ್ತೆ ಕರೆದು ಸರ್ವೋಚ್ಚ ನ್ಯಾಯಾಲಯದ ಪೀಠದಲ್ಲಿ ಕೂರಿಸಿದರು. ಆ ಪೀಠದಲ್ಲಿ ಕುಳಿತ ಮೊದಲನೆಯ ಮಹಿಳೆ ಅವರು. ಮುನ್ಸೀಫ್ ಕೋರ್ಟಿನಿಂದ ಅಲ್ಲಿಗೆ ಮೂವತ್ತೊಂದು ವರ್ಷ ಹಿಡಿಯಿತು. ಅಲ್ಲಿ ಉಳಿದುದು ಎರಡೂವರೆ ವರ್ಷ ಮಾತ್ರ. ತಮಿಳುನಾಡಿನ ಆರ್. ಭಾನುಮತಿಯವರು 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ ಸೇರಿ 2014ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು.

ಈ ಎರಡು ದಾರಿಗಳು ಒಂದೇ ದಿನ ಒಂದೇ ಕಡೆ ಬಂದು ಸೇರಿದ ಸಂದರ್ಭವೊಂದುಂಟು. 2021ರ ಆಗಸ್ಟ್ 31ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಟ್ಟಿಗೆ ಪ್ರಮಾಣವಚನವನ್ನು ಸ್ವೀಕರಿಸಿದರು. ಅವರಲ್ಲಿ ಒಬ್ಬರು ನಮ್ಮ ಬಿ. ವಿ. ನಾಗರತ್ನ ಅವರು, ಮೇಲೆ ಹೇಳಿದ ವೆಂಕಟರಾಮಯ್ಯನವರ ಮಗಳು. 1987ರಲ್ಲಿ ಬೆಂಗಳೂರಿನಲ್ಲಿ ವಕೀಲಿಯನ್ನಾರಂಭಿಸಿ 2008ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಹೈಕೋರ್ಟಿಗೆ ಬಂದವರು. ಮತ್ತೊಬ್ಬರು ಗುಜರಾತಿನ ಬೇಲಾ ತ್ರಿವೇದಿಯವರು. 1995ರಲ್ಲಿ ಅಹಮದಾಬಾದಿನ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿ ಸೇರಿ, ಸಾಕ್ಷಿಗಳ ಹೇಳಿಕೆಯನ್ನು ತಾವೇ ಕುಳಿತು ಕೇಳಿ ಬರೆಸಿದವರು. ಇಬ್ಬರಿಗೂ ಅರವತ್ತೈದೇ ಗಡುವು. ವಯಸ್ಸಿನಲ್ಲಿ ಎರಡು ವರ್ಷ ಹಿರಿಯರಾದ ತ್ರಿವೇದಿಯವರು 2025ರಲ್ಲಿ ನಿವೃತ್ತರಾದರು. ಹಿರಿತನದ ಕ್ರಮವು ನಡೆದುಬಂದಂತೆಯೇ ನಡೆದರೆ ನಾಗರತ್ನ ಅವರು 2027ರಲ್ಲಿ ಕೆಲವು ವಾರಗಳ ಕಾಲ ಭಾರತದ ಮುಖ್ಯ ನ್ಯಾಯಾಧೀಶರಾಗುವವರು.

ಈಗ ಲೆಕ್ಕವನ್ನು ನೋಡೋಣ. ಈ ಸಮಸ್ಯೆಯ ತಿರುಳು ಬಹುಮಟ್ಟಿಗೆ ಲೆಕ್ಕದಲ್ಲೇ ಇದೆ. ಐದು ವರ್ಷದ ಕಾನೂನು ವ್ಯಾಸಂಗ ಮುಗಿಯುವಾಗ ತರುಣನಿಗೆ ಇಪ್ಪತ್ತಮೂರು ವಯಸ್ಸು. ಮೂರು ವರ್ಷ ವಕೀಲಿ ಮಾಡಿ, ಪರೀಕ್ಷೆಯಲ್ಲಿ ಗೆದ್ದು, ತರಬೇತಿಯನ್ನು ಮುಗಿಸಿ ಗುಂಡ್ಲುಪೇಟೆಯಂಥ ಊರಿನಲ್ಲಿ ಕೂರುವಾಗ ಇಪ್ಪತ್ತೆಂಟೆಂದಿಟ್ಟುಕೊಳ್ಳಿ. ಅಲ್ಲಿಂದ ಹಿರಿಯ ಸಿವಿಲ್ ನ್ಯಾಯಾಧೀಶನಾಗಬೇಕು. ಅನಂತರ ಜಿಲ್ಲಾ ನ್ಯಾಯಾಧೀಶನಾಗಬೇಕು. ಸರದಿಯ ಬಡ್ತಿಯನ್ನೇ ನಂಬಿದವನು ಜಿಲ್ಲಾ ಪೀಠವನ್ನು ಮುಟ್ಟುವಾಗ ನಡುವಯಸ್ಸು ಕಳೆದಿರುವುದುಂಟು. ಹೈಕೋರ್ಟಿನ ಸ್ಥಾನಗಳಲ್ಲಿ ಸೇವೆಯವರಿಗೆ ರೂಢಿಯಿಂದ ದೊರೆಯುವುದು ಸುಮಾರು ಮೂರರಲ್ಲೊಂದು ಪಾಲು. ಐವತ್ತೈದನ್ನು ದಾಟಿ ಹೈಕೋರ್ಟಿಗೆ ಬಂದವನಿಗೆ ಅರವತ್ತೆರಡಕ್ಕೆ ನಿವೃತ್ತಿ. ಸರ್ವೋಚ್ಚ ನ್ಯಾಯಾಲಯಕ್ಕೆ ಹೆಸರನ್ನು ಸೂಚಿಸುವ ಹಿರಿಯ ನ್ಯಾಯಮೂರ್ತಿಗಳ ಮಂಡಲಿಯು ಹೈಕೋರ್ಟುಗಳಲ್ಲಿಯ ಹಿರಿತನವನ್ನು ನೋಡುತ್ತದೆ. ಬೇರೆ ಬೇರೆ ರಾಜ್ಯಗಳಿಗೆ ಪ್ರಾತಿನಿಧ್ಯವನ್ನೂ ನೋಡುತ್ತದೆ. 1950ರಲ್ಲಿ ಮುಖ್ಯ ನ್ಯಾಯಾಧೀಶರೂ ಸೇರಿ ಎಂಟಾಗಿದ್ದ ಸ್ಥಾನಗಳ ಸಂಖ್ಯೆಯು 2019ರಲ್ಲಿ ಮೂವತ್ತನಾಲ್ಕಕ್ಕೆ ಏರಿತಾದರೂ ಇಷ್ಟು ದೊಡ್ಡ ದೇಶಕ್ಕೆ ಅದು ಕೆಲವೇ ಪೀಠ. ನಲವತ್ತೈದಕ್ಕೆ ಹೈಕೋರ್ಟನ್ನು ಮುಟ್ಟಿದ ವಕೀಲರಿಗೆ ಹಿರಿತನ ಬೆಳೆಯಲು ಹದಿನೇಳು ವರ್ಷವುಂಟು. ಐವತ್ತಾರಕ್ಕೆ ಮುಟ್ಟಿದ ಜಿಲ್ಲಾ ನ್ಯಾಯಾಧೀಶರಿಗೆ ಆರೇ ವರ್ಷ. ಓಟವು ಒಂದೇ, ಹೊರಟ ವೇಳೆ ಬೇರೆ. ಕಾಲವೊಂದೇ ತಡೆಯೆಂದೂ ಹೇಳಲಾಗದು. ಚೆಲ್ಲೂರು ಅವರು ನಲವತ್ತನಾಲ್ಕಕ್ಕೇ ಹೈಕೋರ್ಟಿಗೆ ಬಂದಿದ್ದರು.

ಇದರಿಂದ ನಷ್ಟವಾಗುವುದು ಯಾರಿಗೆ? ಹುದ್ದೆ ಸಿಕ್ಕದ ಕೆಲವು ಅಧಿಕಾರಿಗಳಿಗೆ ಮಾತ್ರವೆಂದಾದರೆ ನಾನು ನಿಮ್ಮ ಕಾಲವನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಷ್ಟವು ಕಕ್ಷಿಗಾರನದೆಂದು ನನಗೆ ತೋರುತ್ತದೆ. ಒಂದು ಮೊಕದ್ದಮೆಯಲ್ಲಿ ಸಾಕ್ಷಿಯ ಮುಖವನ್ನು ನೋಡುವವನು ಕೆಳಗಿನ ನ್ಯಾಯಾಧೀಶನೊಬ್ಬನೇ. ತೆರಕಣಾಂಬಿಯ ಕಡೆಯ ಅರಿಸಿನ ಬೆಳೆಗಾರನು ಕಟಕಟೆಯಲ್ಲಿ ನಿಂತು, ಪಾಟೀಸವಾಲಿನ ಏಟಿಗೆ ಒಮ್ಮೆ ತಡವರಿಸಿ, ಒಮ್ಮೆ ಸಿಟ್ಟಾಗಿ, ಒಮ್ಮೆ ಸುಮ್ಮನಾಗಿ ಹೇಳಿದ ಮಾತು ಕನ್ನಡದ್ದು. ಅದು ಬರಹಕ್ಕಿಳಿದಾಗ ತಡವರಿಕೆಯು ಹೋಗುತ್ತದೆ, ಸಿಟ್ಟು ಹೋಗುತ್ತದೆ, ಮೌನವಂತೂ ಬರಹಕ್ಕೆ ಸಿಕ್ಕುವುದೇ ಇಲ್ಲ. ಮೇಲಿನ ನ್ಯಾಯಾಲಯಗಳ ಕಲಾಪವು ಇಂಗ್ಲಿಷಿನಲ್ಲಿ ನಡೆಯುವುದರಿಂದ ಆ ಬರಹವು ಮತ್ತೊಮ್ಮೆ ಭಾಷಾಂತರವಾಗುತ್ತದೆ. "ನನಗೆ ಗೊತ್ತಿಲ್ಲ ಸ್ವಾಮಿ" ಎಂಬ ಮಾತನ್ನು ಹಳ್ಳಿಯವನು ಅಂಜಿಕೆಯಿಂದಲೂ ಹೇಳುತ್ತಾನೆ, ವಿನಯದಿಂದಲೂ ಹೇಳುತ್ತಾನೆ, ನಿಜವಾಗಿ ಗೊತ್ತಿಲ್ಲದೆಯೂ ಹೇಳುತ್ತಾನೆ. ದೆಹಲಿಯಲ್ಲಿ ಅದು ಕಾಗದದ ಮೇಲಿನ ಒಂದು ಸಾಲು. ಆ ಸಾಲಿನ ಹಿಂದೆ ಇಂಥ ಮೂರು ಅರ್ಥಗಳಿರಬಹುದೆಂಬ ಅನುಮಾನವಾದರೂ ಹುಟ್ಟಬೇಕಾದರೆ, ಓದುವ ನ್ಯಾಯಮೂರ್ತಿಗಳಲ್ಲಿ ಕೆಲವರಾದರೂ ಒಂದು ಕಾಲದಲ್ಲಿ ಅಂಥ ಕಟಕಟೆಯ ಎದುರು ಕುಳಿತಿದ್ದವರಾಗಿರಬೇಕು.

ಇದಕ್ಕೆ ಎದುರಾಗಿ ಹೇಳತಕ್ಕ ಮಾತೂ ಇದೆ. ಅದನ್ನು ಮರೆಮಾಡುವುದು ನ್ಯಾಯವಲ್ಲ. ವಕೀಲನು ಯಾರ ಸೇವಕನೂ ಅಲ್ಲ. ಸರ್ಕಾರದ ವಿರುದ್ಧ ವಾದಿಸಿ ಅಭ್ಯಾಸವಾದವನು. ಸೇವೆಯಲ್ಲಿರುವವನಾದರೋ ಮೂವತ್ತು ವರ್ಷ ಮೇಲಿನವರ ತನಿಖೆ, ವರ್ಗಾವಣೆ, ಗೋಪ್ಯವರದಿಗಳ ನೆರಳಿನಲ್ಲಿ ಬೆಳೆದವನು. ಅವನಲ್ಲಿ ಸ್ವಾತಂತ್ರ್ಯಬುದ್ಧಿಯು ಕುಗ್ಗಬಹುದು ಎನ್ನುತ್ತಾರೆ. ರಾಜ್ಯಾಂಗದ ದೊಡ್ಡ ಪ್ರಶ್ನೆಗಳು ತಾಲ್ಲೂಕಿನ ಕೋರ್ಟಿಗೆ ಬರುವುದಿಲ್ಲವೆಂಬುದೂ ನಿಜ. ಈ ಮಾತುಗಳಲ್ಲಿ ಸತ್ಯಾಂಶವಿದೆ. ಆದರೆ ಇವು ಎರಡು ಬಗೆಯವರೂ ಪೀಠದಲ್ಲಿರಬೇಕೆಂಬುದಕ್ಕೆ ಆಧಾರವೇ ಹೊರತು, ಒಂದು ಬಗೆಯವರೇ ಇರಬೇಕೆಂಬುದಕ್ಕೆ ಆಧಾರವಲ್ಲ. ಅಮೆರಿಕಾ ದೇಶದಲ್ಲಿ ರಾಷ್ಟ್ರಾಧ್ಯಕ್ಷರು ಹೆಸರಿಸಿ ಸೆನೆಟ್ ಸಭೆಯು ಒಪ್ಪಿದವರು ಫೆಡರಲ್ ನ್ಯಾಯಾಧೀಶರಾಗಿ ಜೀವಾವಧಿ ಉಳಿಯುತ್ತಾರೆ. ಅಲ್ಲಿ ಸೋನಿಯಾ ಸೊಟೊಮೇಯರ್ ಅವರು 1992ರಲ್ಲಿ ವಿಚಾರಣಾ ನ್ಯಾಯಾಲಯದಲ್ಲಿ ಆರಂಭಿಸಿ 2009ರಲ್ಲಿ ಸರ್ವೋಚ್ಚ ಪೀಠವನ್ನು ಮುಟ್ಟಿದರು. ಮರುವರ್ಷವೇ, ಹಿಂದೆ ಎಂದೂ ನ್ಯಾಯಾಧೀಶರಾಗಿರದ ಎಲೆನಾ ಕೇಗನ್ ಅವರು ಅದೇ ಪೀಠಕ್ಕೆ ಬಂದರು. ಅಲ್ಲಿಯ ಕ್ರಮದಲ್ಲಿ ರಾಜಕೀಯದ ದೋಷಗಳುಂಟು. ಆದರೂ ವಿಚಾರಣೆ ನಡೆಸಿದವರ ಪಕ್ಕದಲ್ಲಿ ನಡೆಸದವರು ಕೂರುವುದರಿಂದ ಪೀಠಕ್ಕೆ ಲಾಭವಾಗುತ್ತದೆಂಬುದು ನನ್ನ ಎಣಿಕೆ.

ನಮ್ಮಲ್ಲಿಯೂ ಗಾಳಿಯು ಸ್ವಲ್ಪ ತಿರುಗಿದೆ. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, 2002ರಲ್ಲಿ ಕೈಬಿಟ್ಟಿದ್ದ ಮೂರು ವರ್ಷದ ವಕೀಲಿಯ ನಿಯಮವನ್ನು ಸಿವಿಲ್ ನ್ಯಾಯಾಧೀಶರ ಆಯ್ಕೆಗೆ ಮರಳಿ ತಂದಿತು. ಸರದಿಯನ್ನು ಕಾಯದೆ ಪರೀಕ್ಷೆಯಿಂದ ಜಿಲ್ಲಾ ನ್ಯಾಯಾಧೀಶರಾಗುವ ಸೇವೆಯವರ ಪಾಲನ್ನು ನೂರಕ್ಕೆ ಹತ್ತರಿಂದ ಇಪ್ಪತ್ತೈದಕ್ಕೆ ಏರಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಇನ್ನೂ ಮುಖ್ಯವಾದುದನ್ನು ಹೇಳಿತು. ಅದುವರೆಗೆ ವಕೀಲರಿಗೆ ಮಾತ್ರವೆಂದು ಭಾವಿಸಿದ್ದ ಜಿಲ್ಲಾ ನ್ಯಾಯಾಧೀಶರ ನೇರ ಆಯ್ಕೆಗೆ, ವಕೀಲಿಯೂ ಸೇವೆಯೂ ಸೇರಿ ಏಳು ವರ್ಷದ ಅನುಭವವಿರುವ ನ್ಯಾಯಾಂಗ ಅಧಿಕಾರಿಗಳೂ ಸ್ಪರ್ಧಿಸಬಹುದೆಂದು ತೀರ್ಪಿತ್ತಿತು. ಮೂವತ್ತೈದು ವಯಸ್ಸಾಗಿರಬೇಕೆಂಬುದು ನಿಬಂಧನೆ. ಇದರ ಅರ್ಥವನ್ನು ನೋಡಿ. ಇಪ್ಪತ್ತೆಂಟಕ್ಕೆ ಗುಂಡ್ಲುಪೇಟೆಯಲ್ಲಿ ಕುಳಿತವನು, ಶಕ್ತಿಯಿದ್ದರೆ, ಮೂವತ್ತಾರು ಮೂವತ್ತೇಳಕ್ಕೆ ಜಿಲ್ಲಾ ಪೀಠದಲ್ಲಿ ಕೂರಬಹುದು. ಐವತ್ತಕ್ಕೆ ಮೊದಲೇ ಅವನ ಹೆಸರು ಹೈಕೋರ್ಟಿನ ಬಾಗಿಲನ್ನು ತಟ್ಟಬಹುದು. ಲೆಕ್ಕವು ಈಗ ಅವನಿಗೆ ಅಷ್ಟು ಪ್ರತಿಕೂಲವಾಗಿಲ್ಲ. ಬಾಗಿಲನ್ನು ತೆರೆಯುವುದು ಬಿಡುವುದು ಮಾತ್ರ ಮೇಲಿನವರ ಮನಸ್ಸು.

ನಮ್ಮ ತರುಣ ವಕೀಲರಿಗೆ ಈಗ ಏನೆಂದು ಹೇಳಲಿ? ಅವರ ಹಿರಿಯರು ಹೇಳಿದುದು ಸುಳ್ಳಲ್ಲ. ಇದುವರೆಗಿನ ದಾಖಲೆಯನ್ನು ನೋಡಿದರೆ ದೆಹಲಿಗೆ ಹತ್ತಿರದ ದಾರಿಯು ಬೆಂಗಳೂರಿನ ವಕೀಲಿಯದೇ. ದೆಹಲಿಯೇ ಗುರಿಯೆಂದಾದರೆ ಅವರು ಆ ದಾರಿಯನ್ನು ಹಿಡಿಯಲಿ. ಅದು ಗೌರವದ ದಾರಿಯೇ. ಆದರೆ ಆ ದಾರಿಯಲ್ಲಿ ಹೊರಟವರಲ್ಲಿಯೂ ಸಾವಿರಕ್ಕೊಬ್ಬರು ಕೂಡ ಪೀಠವನ್ನು ಕಾಣುವುದಿಲ್ಲವೆಂಬುದು ನೆನಪಿರಲಿ. ಪೀಠವನ್ನು ಕಾಣದ ವಕೀಲನ ಮೂವತ್ತು ವರ್ಷವೂ, ದೆಹಲಿಯನ್ನು ಕಾಣದ ನ್ಯಾಯಾಧೀಶನ ಮೂವತ್ತು ವರ್ಷವೂ ವ್ಯರ್ಥವಲ್ಲ. ತಾಲ್ಲೂಕಿನ ಪೀಠದಲ್ಲಿ ಕುಳಿತವನು ಮೊದಲನೆಯ ದಿನದಿಂದಲೇ ನ್ಯಾಯಾಧೀಶ. ಅವನು ಕೊಟ್ಟ ತೀರ್ಪು ಅನೇಕ ಬಡವರ ಪಾಲಿಗೆ ಮೊದಲನೆಯದೂ ಕಡೆಯದೂ ಆಗಿರುತ್ತದೆ, ಏಕೆಂದರೆ ಅವರಲ್ಲಿ ಬಹುಮಂದಿ ಅಪೀಲಿಗೆ ಬೆಂಗಳೂರಿಗೆ ಹೋಗಲಾರರು. ಅವರ ಸರ್ವೋಚ್ಚ ನ್ಯಾಯಾಲಯವು ಗುಂಡ್ಲುಪೇಟೆಯಲ್ಲಿಯೇ ಇರುವುದು.

ಆ ಪೀಠಕ್ಕೆ ಎರಡನೆಯ ದರ್ಜೆಯವರು ಸಾಕೆಂಬ ಭಾವನೆಯು ಬೆಳೆದರೆ ನಷ್ಟವು ಅಲ್ಲಿಂದಲೇ ಪ್ರಾರಂಭವಾಗುತ್ತದೆ. ಬುದ್ಧಿವಂತರಾದ ತರುಣರು ಅಲ್ಲಿಗೆ ಹೋಗಬೇಕಾದರೆ ಅಲ್ಲಿಂದ ಮುಂದೆ ದಾರಿಯಿದೆಯೆಂಬ ನಂಬಿಕೆಯು ಅವರಿಗಿರಬೇಕು. ಆ ನಂಬಿಕೆಯನ್ನು ಕೊಡುವುದು ಹೆಸರುಗಳನ್ನು ಆರಿಸುವವರ ಕರ್ತವ್ಯ. ಆ ಕರ್ತವ್ಯವನ್ನು ಅವರಿಗೆ ನೆನಪುಮಾಡಿಕೊಡುವುದು ತಿಳಿದ ಜನರ, ಎಂದರೆ ನಿಮ್ಮಂಥವರ, ಕರ್ತವ್ಯ. ಆ ತರುಣರು ಪರೀಕ್ಷೆಗೆ ಕೂಡಲೆಂದು ನಾನು ಹಾರೈಸುತ್ತೇನೆ.